ಕೋಮಲಕ್ಕನ ಬಾಯಾರಿಕೆ

ಅಜ್ಜಂಪುರದ ಸುತ್ತಲ ಈರುಳ್ಳಿ ಹೊಲಗಳಲ್ಲಿ ಕೋಮಲಕ್ಕನನ್ನು ತಿಳಿಯದವರಿಲ್ಲ. ಈರುಳ್ಳಿ ಕೀಳುವ ಕಾಲ ಬಂತೆಂದರೆ ಹೊಲದವರು ಮೊದಲು ಫೋನು ಮಾಡುವುದು ಅವಳಿಗೆ.

“ನಾಳೆ ಎಷ್ಟು ಜನಾನ ಕರ್ಕಂಡ್ ಬತ್ತೀಯಮ್ಮ?”

“ನಿಮ್ ಹೊಲ ಎಷ್ಟೈತೆ ಹೇಳಿ, ಜನದ ಚಿಂತೆ ನಂಗ್ಬಿಡಿ.”

ಮಾತು ಅಷ್ಟೇ. ಮಾರನೆಯ ದಿನ ಬೆಳಕು ಹರಿಯುವಷ್ಟರಲ್ಲಿ ಗಿಡ್ಡಪ್ಪನ ಲಗೇಜ್ ಆಟೋದ ತುಂಬ ಹೆಂಗಸರು. ಹಿಂದಿನ ಬಾಗಿಲ ಹತ್ತಿರ ಕೋಮಲಕ್ಕ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ತಡವಾಗಿ ಓಡಿಬಂದವಳ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಳ್ಳುತ್ತ ನಿಂತಿರುತ್ತಿದ್ದಳು. ಹೊಲಕ್ಕೆ ಇಳಿದ ಮೇಲೆ, ಕಿತ್ತು ಹಾಕಿದ ಈರುಳ್ಳಿಯ ಮುಂದೆ ಎಲ್ಲರೂ ಸಾಲಾಗಿ ಕೂತು ಕುಡುಗೋಲಿನಿಂದ ಸೊಪ್ಪು ಕೊಯ್ದು ಗಡ್ಡೆ ಬೇರೆ ಮಾಡಬೇಕು. ಸಾಲಿನ ತಲೆಯಲ್ಲಿ ಮೇಸ್ತ್ರಿ ಕೂತಿದ್ದರೆ ಸಾಲು ಓಡುತ್ತದೆ. ಮೇಸ್ತ್ರಿ ಎದ್ದರೆ ಒಬ್ಬಳಿಗೆ ಎಲೆ ಅಡಿಕೆ ನೆನಪಾಗುತ್ತದೆ, ಇನ್ನೊಬ್ಬಳಿಗೆ ಸೊಂಟ ನೋಯುತ್ತದೆ, ಮತ್ತೊಬ್ಬಳಿಗೆ ಮನೆಗೆ ಫೋನು ಮಾಡಬೇಕಾಗುತ್ತದೆ. ಕೋಮಲಕ್ಕ ಏಳುತ್ತಿರಲಿಲ್ಲ. ಅದಕ್ಕೇ ಅವಳಿಗೆ ಅಷ್ಟು ಬೆಲೆ.

ಹಾಗಿದ್ದವಳು ಹೋದ ವರ್ಷದ ಹಿಂದಿನ ವರ್ಷ ಏಳುವುದಕ್ಕೆ ಶುರು ಮಾಡಿದಳು.

ಆದದ್ದು ಹೀಗೆ. ಹೊಲದಿಂದ ವಾಪಸು ಬರುವಾಗ ರೈಲ್ವೆ ಗೇಟಿನ ಹತ್ತಿರ ರಸ್ತೆಯ ಉಬ್ಬಿಗೆ ಆಟೋ ಎಗರಿತು. ಬಾಗಿಲಲ್ಲಿ ನಿಂತಿದ್ದ ಕೋಮಲಕ್ಕ ಹಿಂದಕ್ಕೆ ಬಿದ್ದಳು. ತಲೆ ಟಾರು ರಸ್ತೆಗೆ ಬಡಿಯಿತು. ರಕ್ತ ಹೆಚ್ಚೇನೂ ಬರಲಿಲ್ಲ, ಎಚ್ಚರ ತಪ್ಪಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಕಳಿಸಿದರು. ಗಿಡ್ಡಪ್ಪ ಬಾಳೆಹಣ್ಣು ಹಿಡಿದುಕೊಂಡು ಬಂದು ಬಾಗಿಲಲ್ಲೇ ನಿಂತ.

“ಅಕ್ಕ, ನಿಂಗೇನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ನಾನು ಆ ಆಟೋನೇ ಮಾರ್ಬಿಡ್ತಿದ್ದೆ.”

“ಆ ಡಬ್ಬಾನ ಯಾರ್ ತಗತಾರೋ? ಬಾ ಒಳಗೆ.”

ಸರಿ, ಇವಳ ತಲೆ ನೆಟ್ಟಗಿದೆ ಅಂತ ಮನೆಯವರೆಲ್ಲ ಉಸಿರು ಬಿಟ್ಟರು.

ಗಾಯ ಮಾಯುತ್ತ ಬಂದ ಹಾಗೆ ಬಾಯಾರಿಕೆ ಹತ್ತಿತು. ಅದು ಬಿಸಿಲಲ್ಲಿ ದುಡಿದವರ ಬಾಯಾರಿಕೆಯಲ್ಲ. ಚೊಂಬು ಕೆಳಗಿಟ್ಟ ಗಳಿಗೆಯಲ್ಲೇ ನಾಲಿಗೆ ಮತ್ತೆ ಒಣ ಬಟ್ಟೆಯಾಗುತ್ತಿತ್ತು. ಕುಡಿದದ್ದು ನಿಲ್ಲುವುದೂ ಇಲ್ಲ, ಕುಡಿದಷ್ಟೂ ಹೊರಕ್ಕೆ. ಹೊಲದಲ್ಲಿ ಕೂತವಳು ಎದ್ದು ಬದುವಿನ ಆಚೆ ಹೋಗಬೇಕು, ಬಂದವಳು ಕ್ಯಾನಿಗೆ ಬಾಯಿ ಹಚ್ಚಬೇಕು, ಮತ್ತೆ ಏಳಬೇಕು. ಮದುವೆಮನೆಗೆ ಹೋದರೆ ಮೊದಲು ಹುಡುಕುವುದು ಹಿತ್ತಲ ಬಾಗಿಲು. ಬಸ್ಸಿನ ಸಹವಾಸವನ್ನೇ ಬಿಟ್ಟು, ಕಡೂರು ಬೀರೂರು ಅಂದರೆ ರೈಲು ಹತ್ತುತ್ತಿದ್ದಳು. ರೈಲಿನಲ್ಲಾದರೆ ಕಕ್ಕಸು ಇರುತ್ತದೆ.

ಸಕ್ಕರೆ ಕಾಯಿಲೆಯೇ ಇರಬೇಕು ಅಂತ ಊರೆಲ್ಲ ತೀರ್ಮಾನ ಮಾಡಿತು. ಒಬ್ಬರು ಹಾಗಲಕಾಯಿ ರಸ ಅಂದರು, ಒಬ್ಬರು ನೆನೆಸಿದ ಮೆಂತ್ಯ ಅಂದರು. ಅವೆಲ್ಲವನ್ನೂ ಮುಖ ಕಿವುಚಿಕೊಂಡು ಕುಡಿದಳು. ಆಮೇಲೆ ರಕ್ತ ಕೊಟ್ಟು ನೋಡಿದರೆ ಸಕ್ಕರೆ ಇಲ್ಲ. ಇನ್ನೊಂದು ಕಡೆ ಕೊಟ್ಟಳು, ಅಲ್ಲೂ ಇಲ್ಲ.

“ಸಕ್ಕರೆ ಇಲ್ಲ ಅಂದ್ಮೇಲೆ ಏನೂ ಇಲ್ಲ ಅಂತ್ಲೇ ಅರ್ಥ,” ಅಂದಳು ಅತ್ತೆ ತೀರ್ಥಮ್ಮ. “ಇದು ಚಟ ಕಣೇ. ನಮ್ಮಪ್ಪ ನಶ್ಯ ಏರಿಸ್ತಿದ್ದ, ನೀನು ನೀರು ಏರಿಸ್ತೀಯ.”

“ನಿಮ್ಮಪ್ಪ ನಶ್ಯ ಸಿಗ್ದಿದ್ರೆ ಬೈತಿದ್ರಂತೆ ಅತ್ತೆ. ನಂಗೆ ನೀರು ಸಿಗ್ದಿದ್ರೆ ಕಣ್ಣು ಕತ್ಲೆ ಬತ್ತೈತೆ.”

“ಎಲ್ಲಾ ಚಟಗಾರರೂ ಹಂಗೇ ಅನ್ನೋದು.”

ಗಂಡ ಕಾಂತರಾಜ್ ಮಾತು ಕಮ್ಮಿ. ಸಂಜೆ ಬರುವಾಗ ಕೊಡಪಾನ ತುಂಬಿಸಿ ತಂದು ಅವಳ ತಲೆದೆಸೆಗೆ ಇಡುತ್ತಿದ್ದ. ಅವನ ಅಭಿಪ್ರಾಯ ಏನಿದ್ದರೂ ಅಷ್ಟರಲ್ಲೇ ಇತ್ತು.

ಗುಂಪಿನ ಹೆಂಗಸರು ಮೊದಮೊದಲು ನಗುತ್ತಿದ್ದರು. “ಕೋಮಲಕ್ಕನ ಬೋರು ಎಷ್ಟಡಿಗೆ ಬಿತ್ತು?” ಅಂತ ಪ್ರಿಯಾಂಕಾ ಕೇಳಿದರೆ, “ನೀನು ಎಷ್ಟು ಕೊರೆದ್ರೂ ನಿಂಗೆ ಬೀಳಲ್ಲ ಬಿಡು” ಅಂತ ಅವಳೂ ತಿರುಗಿಸಿ ಕೊಡುತ್ತಿದ್ದಳು. ಆದರೆ ಸಾಲು ನಿಧಾನವಾಗುತ್ತಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು. ಅವಳ ಕೈಕೆಳಗೇ ಕೆಲಸ ಕಲಿತ ಮಾಲಿನಿ ಬೇರೆ ಗುಂಪು ಕಟ್ಟಿದಳು. ಊರಿಗೆಲ್ಲ ದೊಡ್ಡ ಹೊಲದ ಕಲ್ಲೇಶಪ್ಪ ಒಂದು ದಿನ ಬದುವಿನ ಮೇಲೆ ನಿಂತು ಕರೆದ.

“ಕೋಮಲಾ, ಬೇಜಾರು ಮಾಡ್ಕಬೇಡ. ನೀನು ಕೂತಿದ್ದಕ್ಕಿಂತ ಎದ್ದಿದ್ದೇ ಜಾಸ್ತಿ. ಕಾಯ್ಲೆ ಆಗಿದ್ರೆ ಔಷಧಿ ತಗ. ಚಟ ಆಗಿದ್ರೆ ಬಿಡು. ಮುಂದಿನ ಬೆಳೆ ಹೊತ್ತಿಗೆ ಎರಡರಲ್ಲೊಂದು ಆಗ್ಲಿಲ್ಲ ಅಂದ್ರೆ ನಾನು ಮಾಲಿನೀಗೆ ಹೇಳ್ತೀನಿ.”

ಕಲ್ಲೇಶಪ್ಪ ಹೇಳಿದ್ದನ್ನು ಉಳಿದ ಹೊಲದವರೂ ಹೇಳುತ್ತಾರೆ. ಕೋಮಲಕ್ಕನಿಗೆ ಸಿಟ್ಟು ಬರಲಿಲ್ಲ. ಮಾತು ನ್ಯಾಯವಾಗಿತ್ತು. ಚಟವಲ್ಲ ಅನ್ನುವುದು ಅವಳಿಗೆ ತನ್ನ ಹೆಸರಿನಷ್ಟೇ ಖಾತ್ರಿ. ಆದರೆ ತನಗೆ ಗೊತ್ತಿದ್ದರೆ ಸಾಲದು, ಇನ್ನೊಬ್ಬರು ನೋಡಿ ಹೌದು ಅನ್ನಬೇಕು. ಅದನ್ನು ಯಾರ ಹತ್ತಿರ ಕೇಳುವುದು?

ಆಶಾ ಕಾರ್ಯಕರ್ತೆ ಸ್ಪಂದನಾ ಒಂದು ದಿನ ಮನೆಬಾಗಿಲಿಗೆ ಬಂದಳು. “ಕೋಮಲಕ್ಕ, ಕಡೂರಿಗೆ ಒಬ್ಬ ಡಾಕ್ಟರಮ್ಮ ಬತ್ತಾರೆ. ತಲೆ ಒಳಗಿನ ಗ್ರಂಥಿ ಕೆಟ್ಟೋರ ಮೇಲೆ ಸಂಶೋಧನೆ ಮಾಡ್ತಿದಾರಂತೆ. ತಲೆಗೆ ಪೆಟ್ಟು ಬಿದ್ದೋರು ಯಾರಾದ್ರೂ ಇದ್ರೆ ಕಳ್ಸಿ ಅಂದ್ರು. ನಂಗೆ ನಿನ್ ನೆನಪಾಯ್ತು.”

“ನನ್ ಬಾಯಾರಿಕೆಗೂ ತಲೆಗೂ ಏನೇ ಸಂಬಂಧ?”

“ನಂಗೇನ್ ಗೊತ್ತು? ಹೋಗಿ ಕೇಳು.”

ಡಾಕ್ಟರಮ್ಮನ ಹೆಸರು ಧನ್ಯಶ್ರೀ. ತರೀಕೆರೆ ಪಕ್ಕದ ಅಮೃತಾಪುರದ ರೈತರ ಮಗಳು. ಬೆಂಗಳೂರಿನಲ್ಲಿ ಹಾರ್ಮೋನಿನ ವಿದ್ಯೆ ಕಲಿಯುತ್ತ, ಸಂಶೋಧನೆಗೆ ತನ್ನ ಕಡೆಯ ಜನವನ್ನೇ ಆರಿಸಿಕೊಂಡಿದ್ದಳು. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ತೂಕದ ಯಂತ್ರ, ಒಂದು ಐಸು ಡಬ್ಬ. ಕೋಮಲಕ್ಕ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದಳು. ಬಿದ್ದದ್ದು ಯಾವಾಗ, ಬಾಯಾರಿಕೆ ಹತ್ತಿದ್ದು ಯಾವಾಗ ಅನ್ನುವುದನ್ನು ಮಾತ್ರ ಮತ್ತೆ ಮತ್ತೆ ಕೇಳಿದಳು.

“ಮೂಗಿನ ಹಿಂದೆ, ಮಿದುಳಿನ ಬುಡದಲ್ಲಿ, ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇರುತ್ತೆ ಕೋಮಲಕ್ಕ. ಪಿಟ್ಯುಟರಿ ಅಂತ. ಬೇರೆ ಬೇರೆ ಥರದ ಹಾರ್ಮೋನು ಅಲ್ಲಿಂದ ರಕ್ತಕ್ಕೆ ಇಳಿಯುತ್ತೆ. ಅದರಲ್ಲಿ ಒಂದು, ಮೈಯಲ್ಲಿರೋ ನೀರನ್ನ ಪೋಲು ಮಾಡಬೇಡ ಅಂತ ಕಿಡ್ನಿಗೆ ಹೇಳೋದು. ತಲೆಗೆ ಪೆಟ್ಟು ಬಿದ್ದಾಗ ಕೆಲವರಿಗೆ ಅದು ನಿಂತುಹೋಗುತ್ತೆ.”

“ಕೆರೆ ತೂಬು ಮುಚ್ಚೋ ನೀರುಗಂಟಿ ಇದ್ದಂಗೆ ಅನ್ನಿ.”

ಡಾಕ್ಟರಮ್ಮ ನಕ್ಕಳು. “ನೀರುಗಂಟೀನೇ.”

“ನಾನು ಬಿದ್ದ ದಿನ ಅವನು ಓಡ್ಹೋಗಿದಾನೆ ಅಂತೀರಾ?”

“ಓಡಿಹೋಗಿದಾನೋ, ಇದ್ದೂ ತೂಕಡಿಸ್ತಿದಾನೋ, ಇಲ್ಲಾ ಅವನು ಸರಿಯಾಗೇ ಇದ್ದು ನೀವೇ ಸುಮ್ಮನೆ ಕೆರೆಗೆ ನೀರು ಸುರೀತಿದೀರೋ, ಅದನ್ನ ನೋಡ್ಬೇಕು. ಒಂದು ದಿನ ಇಲ್ಲಿ ನೀರು ಬಿಡಿಸಿ ಕೂರಿಸ್ತೀವಿ. ಆಸ್ಪತ್ರೆಗೆ ಬಂದ ಮೇಲೆ ಒಂದು ಹನಿಯೂ ಇಲ್ಲ. ಬರೋವರೆಗೆ ಕುಡೀಬಹುದು. ತೂಕ, ಮೂತ್ರ, ರಕ್ತ ನೋಡ್ತಾನೇ ಇರ್ತೀವಿ, ಅಪಾಯ ಅನ್ನಿಸಿದ್ರೆ ನಾವೇ ನೀರು ಕೊಡ್ತೀವಿ. ನಿಮಗೆ ಸಾಕು ಅನ್ನಿಸಿದ್ರೆ ಯಾವಾಗ ಬೇಕಾದ್ರೂ ಎದ್ದು ಹೋಗಬಹುದು. ಒಪ್ಪಿಗೇನಾ?”

“ನಾನ್ಯಾಕೆ ಎದ್ದೋಗ್ಲಿ? ಎಲ್ಲಿ ಸಹಿ ಹಾಕ್ಬೇಕು ಹೇಳಿ.”

ಈಗ ಈ ಕಡೆಯ ಒಂದು ರೂಢಿ ಹೇಳಬೇಕು. ಬೋರಿಗೆ ಕರೆಂಟು ಬಂದಾಗ ಇಲ್ಲಿ ತೊಟ್ಟಿ, ಡ್ರಮ್ಮು, ಕೊಡ, ಪಾತ್ರೆ, ಕೊನೆಗೆ ಲೋಟವನ್ನೂ ತುಂಬಿಸಿ ಇಡುತ್ತಾರೆ. ಮತ್ತೆ ಯಾವಾಗ ಬರುತ್ತದೋ ಯಾರಿಗೆ ಗೊತ್ತು. ಹಾಗೇ ನೀರಿಲ್ಲದ ಹೊಲಕ್ಕೆ ಹೊರಡುವ ಹೆಂಗಸರು ನಲ್ಲಿಯ ಹತ್ತಿರ ನಿಂತು ಹೊಟ್ಟೆ ಬಿರಿಯುವ ತನಕ ಕುಡಿದೇ ಆಟೋ ಹತ್ತುವುದು. ‘ತುಂಬಿಸ್ಕಂಡ್ಯಾ?’ ಅಂತಲೇ ಒಬ್ಬರನ್ನೊಬ್ಬರು ಕೇಳುವುದು. ದನಕ್ಕೂ ಅಷ್ಟೇ, ದೂರ ಹೊರಡುವ ಮುಂಚೆ ಕುಡಿಸಿಯೇ ನೊಗ ಹೂಡುತ್ತಾರೆ.

ಕೋಮಲಕ್ಕನೂ ಹಾಗೇ ಮಾಡಿದಳು. ಕೋಳಿ ಕೂಗುವ ಮುಂಚೆ ಎದ್ದು ಕುಡಿಯತೊಡಗಿದವಳು ಸಣ್ಣ ಕೊಡದ ತಳ ಕಾಣಿಸಿದಳು. ಸ್ಟೇಷನ್ನಿನ ನಲ್ಲಿಯಲ್ಲಿ ಕುಡಿದಳು, ರೈಲಿನಲ್ಲಿ ಕುಡಿದಳು. ಆಸ್ಪತ್ರೆಯ ಗೇಟಿನ ಹೊರಗೆ ನಿಂತು ಕೊನೆಯ ಬಾಟಲಿಯನ್ನೂ ಬಾಯಿಗೆ ಎತ್ತಿದಳು.

“ಗೇಟು ದಾಟೋವರ್ಗೂ ಬಿಡಲ್ವಲ್ಲೇ ನೀನು!” ಅಂದಳು ಜೊತೆಗೆ ಬಂದಿದ್ದ ತೀರ್ಥಮ್ಮ.

“ಬಂದ ಮೇಲೆ ಇಲ್ಲ ಅಂದವ್ರೆ ಅತ್ತೆ. ಇನ್ನೂ ಬಂದಿಲ್ವಲ್ಲ.” ಬಾಟಲಿ ಖಾಲಿ ಮಾಡಿ, ಬಾಯಿ ಒರೆಸಿಕೊಂಡು ಒಳಗೆ ಹೆಜ್ಜೆ ಇಟ್ಟಳು.

ಒಳಗೆ ಅವಳು ಮಾತು ತಪ್ಪಲಿಲ್ಲ. ಒಂದು ಹನಿ ಮುಟ್ಟಲಿಲ್ಲ. ಮೇಲಿಂದ ಮೇಲೆ ಎದ್ದು ಹೋಗುತ್ತಿದ್ದಳೇ ಹೊರತು, ಮಧ್ಯಾಹ್ನ ಕಳೆದರೂ ಅಂಥ ಬಾಯಾರಿಕೆಯೂ ಆಗಲಿಲ್ಲ. ಅದೇ ಅವಳಿಗೆ ಆಶ್ಚರ್ಯ. ಸಂಜೆ ಹಿರಿಯ ಡಾಕ್ಟರು ರಘುನಾಥ್ ಬಂದು ಎಲ್ಲ ನೋಡಿ, ಕನ್ನಡಕ ತೆಗೆದು ಸಮಾಧಾನವಾಗಿ ಹೇಳಿದರು: “ಬೆಳಗ್ಗೆ ಬಂದಾಗ್ಲೇ ರಕ್ತದಲ್ಲಿ ಉಪ್ಪು ಕಮ್ಮಿ ಇದೆಯಮ್ಮ. ಗ್ರಂಥಿ ಕೆಟ್ಟಿದ್ರೆ ಉಪ್ಪು ಏರಿರಬೇಕಿತ್ತು. ಇದು ಅಭ್ಯಾಸದಿಂದ ಕುಡಿಯೋ ನೀರು ಅಂತ ಕಾಣುತ್ತೆ. ನಿಧಾನಕ್ಕೆ ಕಮ್ಮಿ ಮಾಡ್ತಾ ಬನ್ನಿ.”

ಕೋಮಲಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು.

ರೈಲಿನಲ್ಲಿ ತೀರ್ಥಮ್ಮನಿಗೆ ಹಬ್ಬ. ಕಡಲೆಕಾಯಿ ಕೊಂಡು ಮಡಿಲಲ್ಲಿ ಹಾಕಿಕೊಂಡು ಬಿಡಿಸುತ್ತ ಕೂತಳು.

“ನಾನು ಓದ್ದೋಳಲ್ಲ, ಬರೆದೋಳಲ್ಲ. ಆದ್ರೂ ಏನಂದಿದ್ದೆ? ಚಟ ಅಂದಿದ್ದೆ.”

ಕೋಮಲಕ್ಕ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಬೀರೂರು ದಾಟಿತು. ಅವಳು ಆಗಲೇ ಬಾಟಲಿ ತುಂಬಿಸಿಕೊಂಡು ಅರ್ಧ ಮುಗಿಸಿದ್ದಳು.

“ಇಡೀ ದಿನ ಕೂತಿದ್ಯಲ್ಲ, ಬಾಯಾರಿಕೆ ಅಂತ ಒಂದ್ಸಲನಾದ್ರೂ ಅಂದ್ಯಾ?” ತೀರ್ಥಮ್ಮ ಬಿಡಲಿಲ್ಲ. “ಎಲ್ಲಿಂದ ಅಂತೀಯ? ಕೊಡಗಟ್ಟಲೆ ಕುಡ್ಕಂಡು ಹೋದೋಳಿಗೆ ಬಾಯಾರಿಕೆ ಎಲ್ಲಿಂದ ಬರ್ಬೇಕು?”

ಕೋಮಲಕ್ಕ ತಟ್ಟನೆ ಅವಳ ಕಡೆ ತಿರುಗಿದಳು. “ಅತ್ತೆ, ಇನ್ನೊಂದ್ಸಲ ಹೇಳಿ.”

“ಏನು?”

“ಈಗ ಅಂದ್ರಲ್ಲ, ಅದೇ.”

“ಕೊಡ ಕುಡ್ಕಂಡು ಹೋದೋಳಿಗೆ...” ತೀರ್ಥಮ್ಮನ ದನಿ ಸಣ್ಣಗಾಯಿತು. “ಯಾಕೇ? ಬೈದಿದ್ದಪ್ಪ ನಾನು.”

“ಸರಿಯಾಗೇ ಬೈದ್ರಿ.” ಕೋಮಲಕ್ಕ ಫೋನು ತೆಗೆದಳು. ರೈಲಿನ ಸದ್ದಿಗೆ ಗಂಟಲು ಎತ್ತರಿಸಿ ಕೂಗಿದಳು. “ಡಾಕ್ಟ್ರಮ್ಮ, ನಾನು ಕೋಮಲಾ. ರಕ್ತದಲ್ಲಿ ಉಪ್ಪು ಕಮ್ಮಿ ಅಂದ್ರಲ್ಲ. ನೀರು ಜಾಸ್ತಿ ಹಾಕಿದ್ರೆ ಸಾರಲ್ಲೂ ಉಪ್ಪು ಕಮ್ಮಿ ಆಗುತ್ತಲ್ವಾ? ನಾನು ಬೆಳಗ್ಗೆ ತುಂಬಿಸ್ಕಂಡು ಬಂದಿದ್ದೆ.”

“ತುಂಬಿಸ್ಕಂಡು ಅಂದ್ರೆ?”

“ನೀವು ಅಮೃತಾಪುರದೋರಾಗಿ ಅದನ್ನ ಕೇಳ್ತೀರಲ್ಲ! ಹೊಲಕ್ಕೆ ಹೋಗೋವಾಗ ತುಂಬಿಸ್ಕಳಲ್ವಾ, ಹಂಗೆ. ನಿಮ್ ಗೇಟಿನ ಹತ್ರ ನಿಂತು ಕೊನೇ ಬಾಟ್ಲು ಮುಗಿಸ್ದೆ.”

ಆ ಕಡೆಯಿಂದ ನಗು ಕೇಳಿತು. “ಅಯ್ಯೋ ಕೋಮಲಕ್ಕ! ನಮ್ಮಮ್ಮನೂ ಹಾಗೇ ಮಾಡ್ತಾಳೆ. ಬರೋವರೆಗೆ ಕುಡೀಬಹುದು ಅಂದೋಳು ನಾನೇ, ಎಷ್ಟು ಅಂತ ಹೇಳಲಿಲ್ಲ. ಆ ರಕ್ತ ನೋಡಿ ಏನೂ ತೀರ್ಮಾನ ಮಾಡೋ ಹಾಗಿಲ್ಲ. ಸರ್‌ಗೆ ಈಗ್ಲೇ ಹೇಳ್ತೀನಿ. ಇನ್ನೊಂದು ಸಲ ಬರ್ತೀರಾ? ಬಾಯಾರಿದಷ್ಟೇ ಕುಡಿದು ಬರಬೇಕು. ತುಂಬಿಸ್ಕೊಳೋ ಹಾಗಿಲ್ಲ. ಆದರೆ ಈ ಸಲ ಕಷ್ಟ ಆಗುತ್ತೆ.”

“ಕಷ್ಟ ಆಗ್ಲಿ ಅಂತ್ಲೇ ಬತ್ತೀನಿ,” ಅಂದಳು ಕೋಮಲಕ್ಕ.

ಎರಡನೆಯ ಸಲ ಹೋದಾಗ ನಿಜವಾಗಿಯೂ ಕಷ್ಟವಾಯಿತು. ಬಿಸಿಲು ಏರುವ ಹೊತ್ತಿಗೇ ತುಟಿ ಬಿಳಿಚಿಕೊಂಡಿತು. ನಾಲಿಗೆ ಅಂಗುಳಕ್ಕೆ ಅಂಟಿ ಮಾತು ತೊದಲುತ್ತಿತ್ತು. ತೂಕ ಇಳಿಯುತ್ತ ಬಂತು. ಒಳಗೆ ಒಂದು ಹನಿ ಹೋಗದಿದ್ದರೂ ಹೊರಗೆ ಹೋಗುವುದು ಮಾತ್ರ ನಿಲ್ಲಲಿಲ್ಲ, ಅದೂ ನಲ್ಲಿ ನೀರಿನಷ್ಟು ತಿಳಿಯಾಗಿ. ಧನ್ಯಶ್ರೀ ರಕ್ತ ತೆಗೆದು ಐಸಿನಲ್ಲಿ ಇಟ್ಟಳು, ನಾಡಿ ನೋಡಿದಳು, ಹಣೆ ಮುಟ್ಟಿದಳು. ಕೋಣೆ ಬಿಟ್ಟು ಕದಲಲಿಲ್ಲ.

ಮೂಲೆಯಲ್ಲಿ ಕೂತಿದ್ದ ತೀರ್ಥಮ್ಮನಿಗೆ ಇದನ್ನು ನೋಡಲಾಗಲಿಲ್ಲ. ಮನೆಯ ಮುಂದೆ ಹಾದುಹೋಗುವ ಅಪರಿಚಿತರು ನೀರು ಕೇಳಿದರೂ ಬೆಲ್ಲದ ಚೂರಿನ ಸಮೇತ ಕೊಡುವ ಮನೆ ಅದು. ಕೇಳಿದವರಿಗೆ ನೀರಿಲ್ಲ ಅನ್ನುವುದನ್ನು ಆಕೆ ಬದುಕಿನಲ್ಲಿ ಕಂಡಿರಲಿಲ್ಲ. ಸೊಸೆ ಒಣಗಿದ ತುಟಿಯನ್ನು ಒಣಗಿದ ನಾಲಿಗೆಯಿಂದ ಸವರಿಕೊಂಡದ್ದು ನೋಡಿ ಎದ್ದುಬಿಟ್ಟಳು.

“ಏನಮ್ಮ ನೀನು, ಡಾಕ್ಟ್ರೋ ಏನು? ಆ ಮಗೂಗೆ ಒಂದ್ಲೋಟ ನೀರು ಕೊಟ್ರೆ ನಿನ್ ಗಂಟೇನು ಹೋಗುತ್ತೆ? ಒಣಗಿ ಸಾಯ್ಲಿ ಅಂತ ಕರ್ಕಂಬಂದ್ಯಾ?”

“ಅಜ್ಜಿ, ನಾನು ನೋಡ್ತಾನೇ ಇದೀನಿ. ಇನ್ನು ಸ್ವಲ್ಪ ಹೊತ್ತು.”

“ಸ್ವಲ್ಪಾನೂ ಇಲ್ಲ, ಗಿಲ್ಪಾನೂ ಇಲ್ಲ. ನನ್ ಬಾಟ್ಲು ಎಲ್ಲೋಯ್ತು?”

ಮಂಚದ ಮೇಲಿನಿಂದ ಕೋಮಲಕ್ಕನ ಒರಟು ದನಿ ಬಂತು. “ಅತ್ತೆ. ಚಟ ಅಂತಿದ್ರಲ್ಲ. ಕೂತ್ಕಳಿ.”

“ಚಟಾನೋ ಗಿಟಾನೋ, ನೀನ್ ಕುಡಿಯೇ ತಾಯಿ!”

“ಈಗ ಕುಡಿದ್ರೆ ಮೂರನೇ ಸಲ ಬರ್ಬೇಕಾಗುತ್ತೆ. ಆಗ್ಲೂ ನೀವೇ ಜೊತೆಗೆ ಬರ್ಬೇಕು. ಕೂತ್ಕಳಿ ಅಂದ್ನಲ್ಲ.”

ತೀರ್ಥಮ್ಮ ಕೂತಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಬಾಟಲಿ ಮಾತ್ರ ಕೈಯಲ್ಲೇ ಇತ್ತು.

ಸ್ವಲ್ಪ ಹೊತ್ತಿಗೆ ರಘುನಾಥ್ ಡಾಕ್ಟರು ಬಂದರು. ರಕ್ತದಲ್ಲಿ ಉಪ್ಪು ಏರಿತ್ತು. ಮೈ ಇಷ್ಟು ಒಣಗಿದರೂ ಮೂತ್ರ ಗಟ್ಟಿಯಾಗಿರಲಿಲ್ಲ. ಅವರು ಧನ್ಯಶ್ರೀ ಕಡೆ ತಿರುಗಿ “ಸಾಕು, ಕೊಟ್ಟು ನೋಡು” ಅಂದರು. ಗ್ರಂಥಿ ಕೊಡಬೇಕಾದ ಹಾರ್ಮೋನಿನಂಥದೇ ಔಷಧಿಯನ್ನು ಅವಳು ಕೋಮಲಕ್ಕನ ಮೂಗಿಗೆ ಸಿಂಪಡಿಸಿದಳು. ಆಮೇಲೆ ಲೋಟದಲ್ಲಿ ಅಳೆದು ನೀರು ಕೊಟ್ಟಳು. ಕೋಮಲಕ್ಕ ಗಟಗಟನೆ ಕುಡಿಯಲಿಲ್ಲ. ಒಂದೊಂದೇ ಗುಟುಕು ಬಾಯಲ್ಲಿ ಇಟ್ಟುಕೊಂಡು ನುಂಗಿದಳು.

ಕಾದರು. ಅವಳು ಎದ್ದು ಹೋಗಲಿಲ್ಲ. ಇನ್ನೂ ಕಾದರು. ಮಂಚದ ಮೇಲೆ ಕಾಲು ಚಾಚಿ ಕೂತವಳು ಕೂತೇ ಇದ್ದಳು. ಏಳುವ ಅವಸರವೇ ಇಲ್ಲ. ಮೈಯೊಳಗೆ ಯಾವುದೋ ಗದ್ದಲ ನಿಂತ ಹಾಗಿತ್ತು. ಕೊನೆಗೆ ಹೋಗಿ ಬಂದಾಗ ಧನ್ಯಶ್ರೀ ಮೂತ್ರದ ಸೀಸೆಯನ್ನು ಬೆಳಕಿಗೆ ಹಿಡಿದು, “ನೋಡಿ ಕೋಮಲಕ್ಕ, ಹಳದಿ!” ಅಂತ, ಹಬ್ಬಕ್ಕೆ ಹೊಸ ಸೀರೆ ತೋರಿಸುವವಳ ಹಾಗೆ ತೋರಿಸಿದಳು.

“ಅದನ್ನೇನು ನೋಡೋದು, ಅತ್ಲಾಗ್ ಇಡಿ,” ಅಂದಳು ಕೋಮಲಕ್ಕ, ಮುಖವೆಲ್ಲ ಅರಳಿಸಿಕೊಂಡು.

“ನೀರುಗಂಟಿ ಓಡಿಹೋಗಿದಾನೆ,” ಅಂದಳು ಡಾಕ್ಟರಮ್ಮ. “ಪೂರ್ತಿ ಓಡಿಹೋಗಿದಾನೋ, ಚೂರುಪಾರು ಕೆಲಸ ಮಾಡ್ತಿದಾನೋ ಅಂತ ಬೆಂಗಳೂರಿಗೆ ಕಳಿಸೋ ರಕ್ತದಿಂದ ತಿಳಿಯುತ್ತೆ. ಆದರೆ ಇದು ಕಾಯಿಲೆ. ಅಭ್ಯಾಸ ಅಲ್ಲ.”

ರಘುನಾಥ್ ಡಾಕ್ಟರು ಬಾಗಿಲ ಹತ್ತಿರ ನಿಂತು, “ಅವತ್ತು ಹೇಳಿದ್ದನ್ನ ವಾಪಸು ತಗೊಂಡೆನಮ್ಮ. ನೀವು ಫೋನು ಮಾಡಿದ್ದು ಒಳ್ಳೇದಾಯ್ತು” ಅಂದರು.

“ಫೋನು ಮಾಡ್ಸಿದ್ದು ನಮ್ಮತ್ತೆ ಸಾರ್,” ಅಂದಳು ಕೋಮಲಕ್ಕ. ತೀರ್ಥಮ್ಮ ಅದನ್ನು ಬೇಡ ಅನ್ನಲಿಲ್ಲ.

ದಿನಾ ಮೂಗಿಗೆ ಹಾಕಿಕೊಳ್ಳುವ ಔಷಧಿಯ ಜೊತೆ ಒಂದು ಎಚ್ಚರಿಕೆಯನ್ನೂ ಕೊಟ್ಟು ಕಳಿಸಿದರು. ಇನ್ನು ಮೈ ನೀರನ್ನು ಹಿಡಿದಿಡುತ್ತದೆ, ಹಳೆಯ ಲೆಕ್ಕದಲ್ಲಿ ಕುಡಿದರೆ ಅದೇ ಅಪಾಯ. ತಲೆನೋವು, ವಾಂತಿ ಬಂದ ಹಾಗಾದರೆ ತಕ್ಷಣ ಬರಬೇಕು. ಹೀಗಾಗಿ ಇಷ್ಟು ದಿನ ನೀರಿಗಾಗಿ ಬೈಸಿಕೊಂಡವಳು ಈಗ ನೀರು ಬೇಡ ಅನ್ನುವುದನ್ನು ಕಲಿಯಬೇಕಾಯಿತು. ಕಾಂತರಾಜ್ ರೂಢಿಯಂತೆ ಕೊಡಪಾನ ತಂದಿಟ್ಟ. “ಇನ್ನು ಚೊಂಬು ಸಾಕು” ಅಂದಳು. ಅವನು ಅವಳ ಮುಖ ನೋಡಿ, ಕೊಡವನ್ನು ಎತ್ತಿಕೊಂಡು ಹೋಗಿ ಹಿತ್ತಲ ನುಗ್ಗೆ ಗಿಡಕ್ಕೆ ಸುರಿದು ಬಂದ.

ಬೆಂಗಳೂರಿನಿಂದಲೂ ಸುದ್ದಿ ಬಂತು. ಆ ಹಾರ್ಮೋನು ಇಲ್ಲವೆನ್ನುವಷ್ಟು ಕಮ್ಮಿ. ಆ ಗ್ರಂಥಿಯ ಉಳಿದ ಹಾರ್ಮೋನುಗಳ ಕೆಲಸ ನೆಟ್ಟಗಿದೆ. ಆದರೂ ವರ್ಷಗಟ್ಟಲೆ ನೋಡುತ್ತಿರಬೇಕು, ನಿಮ್ಮಂಥವರ ರಕ್ತದಿಂದಲೇ ನಮಗೆ ವಿಷಯ ತಿಳಿಯುವುದು, ಬರುತ್ತಿರಿ ಅಂತ ಧನ್ಯಶ್ರೀ ಕೇಳಿಕೊಂಡಳು. ಕೋಮಲಕ್ಕ ಈಗಲೂ ಹೋಗಿ ಬರುತ್ತಾಳೆ. ಬಸ್ಸಿನಲ್ಲೇ ಹೋಗುತ್ತಾಳೆ.

ತೀರ್ಥಮ್ಮ ನಲ್ಲಿ ಹತ್ತಿರ ನಿಂತು, “ನಮ್ ಕೋಮಲಂಗೆ ತಲೆ ಒಳಗಿನ ಗ್ರಂಥಿ ಕಾಯ್ಲೆ ಕಣ್ರೇ, ಬೆಂಗ್ಳೂರಿಗೇ ರಕ್ತ ಹೋಗಿತ್ತು. ಚಟ ಅಂದೋರ ಬಾಯಿಗೆ ಮಣ್ಣು ಹಾಕ” ಅನ್ನುವುದನ್ನು ಕೋಮಲಕ್ಕ ತನ್ನ ಕಿವಿಯಾರ ಕೇಳಿದ್ದಾಳೆ.

ಈರುಳ್ಳಿಯ ಕಾಲ ಬಂತು. ಕಲ್ಲೇಶಪ್ಪನ ಫೋನಿಗೆ ಅವಳು ಕಾಯಲಿಲ್ಲ. ತಾನೇ ಮಾಡಿ, “ನಾಳೆ ಬತ್ತಿದೀವಿ” ಅಂತ ಹೇಳಿ ಇಟ್ಟಳು. ಬೆಳಗ್ಗೆ ಗಿಡ್ಡಪ್ಪನ ಆಟೋದಲ್ಲಿ ಹೆಂಗಸರ ಮಧ್ಯೆ ಕೆಳಗೆ ಕೂತು ಹೋದಳು. ಬಾಗಿಲಲ್ಲಿ ನಿಲ್ಲಲು ಪ್ರಿಯಾಂಕಾ ಬಿಡಲಿಲ್ಲ. ಸಾಲಿನ ತಲೆಯಲ್ಲಿ ಕೂತಳು. ಕುಡುಗೋಲು ಓಡಿತು. ಅವಳ ಹಿಂದೆ ಸಾಲೂ ಓಡಿತು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಕಲ್ಲೇಶಪ್ಪ ಬಂದ. ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದ.

“ಏನ್ ಕೋಮಲಾ, ಆಗ್ಲಿಂದ ನೋಡ್ತಿದೀನಿ, ಎದ್ದೇ ಇಲ್ವಲ್ಲ?”

“ಎರಡರಲ್ಲೊಂದು ಅಂದಿದ್ರಲ್ಲ ಯಜಮಾನ್ರೇ. ಕಾಯ್ಲೆ ಅಂತ ಆಯ್ತು.”

“ಔಷಧಿ?”

“ಮೂಗಲ್ಲೈತೆ.”

ಸಾಲಿನ ತುಂಬ ನಗು ಹರಿಯಿತು. ಕಲ್ಲೇಶಪ್ಪನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕ. ಕೋಮಲಕ್ಕ ಕೈ ನಿಲ್ಲಿಸಲಿಲ್ಲ.

“ನಿಂತ್ಕಂಡು ನೋಡ್ಬೇಡಿ, ಚೀಲ ತರ್ಸಿ. ಗಡ್ಡೆ ಬಿಸ್ಲಿಗೆ ಬಿದ್ದೈತೆ.”